ಕೇಳುವ ಕಿವಿಯೂ ಒಂದು ಅಮಾನತ್

ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಅದು ಜಯನಗರದ ಬಳಿಯ ತಿಲಕ್ ನಗರದಲ್ಲಿರಬಹುದು, ಬಿ.ಟಿ.ಎಂ. ಲೇಔಟಿಗೆ ಹತ್ತಿರದ ಗುರಪ್ಪನಪಾಳ್ಯದಲ್ಲಿರಬಹುದು. ಮನಶ್ಶಾಸ್ತ್ರದಲ್ಲಿ ಪದವಿ ಮುಗಿಸಿದ ಮಗಳು, ಆಪ್ತ ಸಲಹೆಯಲ್ಲಿ ಸ್ನಾತಕೋತ್ತರ ಪದವಿ ಮಾಡುತ್ತೇನೆಂದು ಹೇಳುತ್ತಾಳೆ. “ಜನರ ಗೋಳು ಕೇಳುವುದಕ್ಕೂ ಎರಡು ವರ್ಷ ಓದಬೇಕೇನಮ್ಮಾ? ನಿನ್ನ ದಾದಿ ಓದದೆಯೇ ಇಡೀ ಗಲ್ಲಿಯ ಕಷ್ಟ ಕೇಳುತ್ತಿದ್ದರು” ಎಂದು ತಂದೆ ನಗುತ್ತಾರೆ.

ತಂದೆಯ ಪ್ರಶ್ನೆಯನ್ನು ನಾವು ನಕ್ಕು ಬಿಡುವಂತಿಲ್ಲ. ಮನಸ್ಸಿನಲ್ಲಿ ದೇವಭಯ ಮತ್ತು ಸದುದ್ದೇಶವಿದ್ದರೆ ಸಾಲದೆ? ಇನ್ನೊಬ್ಬರ ನೋವನ್ನು ಕೇಳಲು ವಿದ್ಯೆಯೂ ಬೇಕೆ?

ಆ ದಾದಿಯಂಥವರು ಅಲ್ಲಾಹನ ಅನುಗ್ರಹವೇ ಸರಿ. ಆದರೆ ನಮ್ಮಲ್ಲಿ ಹೆಚ್ಚಿನವರ ಅಭ್ಯಾಸ ಬೇರೆ. ಯಾರಾದರೂ “ಬದುಕು ಸಾಕಾಗಿದೆ” ಎಂದರೆ, ಅವರ ಮಾತು ಮುಗಿಯುವ ಮೊದಲೇ “ಸಬ್ರ್ ಮಾಡಿ, ನಮಾಝ್ ಬಿಡಬೇಡಿ” ಎಂದು ಉಪದೇಶಿಸುತ್ತೇವೆ. ಆ ಮಾತು ಸತ್ಯವೇ. ಆದರೆ ನೊಂದವರಿಗೆ ಅದು ‘ನಿನ್ನ ಈಮಾನ್ ದುರ್ಬಲ’ ಎಂಬ ಆರೋಪದಂತೆ ಕೇಳಿಸುತ್ತದೆ. ಅವರು ಮತ್ತೆ ಬಾಯಿ ತೆರೆಯುವುದಿಲ್ಲ.

ಪವಿತ್ರ ಕುರ್‌ಆನಿನ ಯೂಸುಫ್ ಅಧ್ಯಾಯವನ್ನು ನೆನಪಿಸಿಕೊಳ್ಳಿ. ಅಗಲಿದ ಮಗನಿಗಾಗಿ ದುಃಖಿಸಿ ಪ್ರವಾದಿ ಯಾಕೂಬ್(ಅ)ರ ಕಣ್ಣುಗಳು ಬೆಳ್ಳಗಾದವು. ಮನೆ ತುಂಬ ಮಕ್ಕಳಿದ್ದರು. ಆದರೆ ಅವರು ತಂದೆಯ ದುಃಖವನ್ನು ಆಕ್ಷೇಪಿಸಿದರು. ಯಾಕೂಬ್(ಅ) ತಮ್ಮ ಸಂಕಟವನ್ನು ಅಲ್ಲಾಹನಲ್ಲಿ ತೋಡಿಕೊಂಡರು. ಒಬ್ಬ ಪ್ರವಾದಿಯ ದುಃಖ ಈಮಾನಿನ ಕೊರತೆಯಲ್ಲವೆಂದಾದರೆ, ನಮ್ಮ ಮಗನ, ಸೊಸೆಯ ದುಃಖದ ಬಗ್ಗೆ ಹಾಗೆಂದು ತೀರ್ಪು ನೀಡಲು ನಾವು ಯಾರು?

ನಮ್ಮ ಪೂರ್ವಜರಿಗೂ ಇದು ತಿಳಿದಿತ್ತು. ದೇಹದಂತೆ ಮನಸ್ಸಿಗೂ ಕಾಯಿಲೆ ಬರುತ್ತದೆ, ಅದಕ್ಕೂ ಆರೈಕೆ ಬೇಕು ಎಂದು ಅಬೂ ಝೈದ್ ಅಲ್ ಬಲ್ಖಿ ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಬರೆದರು. ವೈದ್ಯ ತಿಳಿಯದೆ ಚಿಕಿತ್ಸೆಗಿಳಿದವನು ಅದರಿಂದಾಗುವ ಹಾನಿಗೆ ಹೊಣೆಗಾರನೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಸದುದ್ದೇಶವು ಆ ಹೊಣೆಯಿಂದ ಬಿಡುಗಡೆ ನೀಡುವುದಿಲ್ಲ.

ಹಾಗಾದರೆ ಆ ಮಗಳು ಕಲಿಯುವುದೇನು? ಮೊದಲು ಮೌನವನ್ನು: ಸಲಹೆ ನೀಡುವ ಆತುರವನ್ನು ಹಿಡಿದಿಟ್ಟು ಪೂರ್ಣವಾಗಿ ಕೇಳುವುದನ್ನು. ನಂತರ ಅನುಭವಿ ಗುರುಗಳ ಮೇಲ್ವಿಚಾರಣೆಯಲ್ಲಿ ನೊಂದವರೊಡನೆ ಮಾತಾಡಿ, ತಾನೆಲ್ಲಿ ತಪ್ಪಿದೆನೆಂದು ಅವರ ಮುಂದೆ ಒಪ್ಪಿಸುವುದನ್ನು. ಇದು ನಾವು ಹೇಳುವ ಆತ್ಮವಿಚಾರಣೆಯೇ ಅಲ್ಲವೆ? ತನ್ನ ಕೈ ಮೀರಿದ ಕಾಯಿಲೆಯನ್ನು ಗುರುತಿಸಿ ಮನೋವೈದ್ಯರ ಬಳಿಗೆ ಕಳುಹಿಸುವುದನ್ನೂ ಕಲಿಯುತ್ತಾಳೆ.

ಎಲ್ಲಕ್ಕಿಂತ ಕಠಿಣವಾದದ್ದು ಗುಟ್ಟನ್ನು ಕಾಯುವುದು. ಗಲ್ಲಿಯಲ್ಲಿ ಹೇಳಿದ ನೋವು ಸಂಜೆಯೊಳಗೆ ನಾಲ್ಕು ಮನೆ ಸುತ್ತುತ್ತದೆ. ಅನುಕಂಪದ ವೇಷ ತೊಟ್ಟರೂ ಅದು ಪರದೂಷಣೆಯೇ. ರೋಗಿಯ ಗುಟ್ಟನ್ನು ಕಾಪಾಡುವುದು 2017ರ ಮಾನಸಿಕ ಆರೋಗ್ಯ ಕಾಯಿದೆಯಲ್ಲೂ ಕರ್ತವ್ಯವಾಗಿದೆ. ಆದರೆ ಜೀವಕ್ಕೇ ಅಪಾಯವಿದ್ದಾಗ ಮೌನವೂ ದ್ರೋಹವಾಗಬಹುದು. ಎಲ್ಲಿ ಬಾಯಿ ಮುಚ್ಚಬೇಕು, ಎಲ್ಲಿ ತೆರೆಯಬೇಕು ಎಂಬ ವಿವೇಕವು ಅಭ್ಯಾಸವಿಲ್ಲದೆ ಬರುವುದಿಲ್ಲ.

ಈ ವಿದ್ಯೆ ನಮಗೆ ದೂರದ್ದಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್ ತಿಲಕ್ ನಗರಕ್ಕೆ ಸಮೀಪದಲ್ಲೇ ಇದೆ. 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಅಲ್ಲಿನ ಮಾನಸಿಕ ಆಸ್ಪತ್ರೆಯೊಂದಿಗೆ ಸೇರಿ 1974ರಲ್ಲಿ ಈ ಸಂಸ್ಥೆಯಾಯಿತು. ಅದು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಮಾನಸಿಕ ತೊಂದರೆಯಿರುವುದು ಕಂಡುಬಂತು. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಆ ಹತ್ತರಲ್ಲೊಬ್ಬರು ನಮ್ಮ ಮನೆಯಲ್ಲಿಲ್ಲವೆಂದು ಎದೆ ಮುಟ್ಟಿ ಹೇಳಬಲ್ಲಿರಾ?

ಹೆತ್ತವರೇ, ನಿಮ್ಮ ಮಗಳು ಈ ದಾರಿ ಹಿಡಿದರೆ ತಡೆಯಬೇಡಿ. ನಮ್ಮ ಹೆಣ್ಣುಮಕ್ಕಳು ತಮ್ಮ ಭಾಷೆಯಲ್ಲಿ, ಸಂಕೋಚವಿಲ್ಲದೆ ಮನ ಬಿಚ್ಚಿ ಮಾತಾಡಲು ಇಂಥವರು ಬೇಕು. ನೊಂದವರೇ, ದುಆ ಮಾಡಿ. ಜೊತೆಗೆ ನೆರವನ್ನೂ ಕೇಳಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತವಾಗಿದೆ. ಸಲಹೆ ನೀಡುವವರ ಬಳಿಗೆ ಹೋದಾಗ, ಅವರು ಎಲ್ಲಿ ಕಲಿತವರೆಂದು ವಿಚಾರಿಸಲು ನಾಚಬೇಡಿ.

ಆ ತಂದೆಗೆ ಉತ್ತರವಿಷ್ಟೇ: ಅಲ್ಲಾಹನು ಕಿವಿಯನ್ನು ಎಲ್ಲರಿಗೂ ಕೊಟ್ಟಿದ್ದಾನೆ. ಅದನ್ನು ಹೇಗೆ ಬಳಸಿದಿರೆಂದು ನಾಳೆ ಅವನು ಪ್ರಶ್ನಿಸಲಿದ್ದಾನೆ. ಅದಕ್ಕೆ ಸಿದ್ಧಳಾಗಲು ಎರಡು ವರ್ಷ ಹೆಚ್ಚೇನಲ್ಲ.