ಉಳಿಯೂ ಆಸೆಯೂ

ಲಿಂಗಸುಗೂರಿನಿಂದ ಮಸ್ಕಿ ಹಾಯ್ದು ಸಿಂಧನೂರಿಗೆ ಹೋಗುವ ದಾರಿಯಲ್ಲಿ ಬಡಿಗರೊಬ್ಬರು ಮರ ಕಡೆಯುವ ಹೊಸ ಲೇತು ತಂದರು. ಲಟ್ಟಣಿಗೆ, ತೊಟ್ಟಿಲ ಕಾಲು ಕಡೆಯುವ ಕಸಬು. ಈಗ ಚಕ್ಕು ಬೇಕು, ಬಗೆಬಗೆಯ ಉಳಿ ಬೇಕು. ಮನೆಯಾಕೆಗೆ ಸಾಲದ ಅಂಜಿಕೆ. ಅಗತ್ಯ ಎಲ್ಲಿ ಮುಗಿದು ಆಸೆ ಎಲ್ಲಿ ಮೊದಲಾಗುತ್ತದೆ?

ಯಂತ್ರದ ಅಡಿ ಅಲುಗಿದರೆ, ಉಳಿ ಆನಿಸುವ ಪಟ್ಟಿ ಮರದಿಂದ ದೂರವಾದರೆ, ಪಳಗಿದ ಕೈಯೂ ತಪ್ಪುತ್ತದೆ. ಅದಕ್ಕೆ ಸುರಿದ ಹಣ ದುರಾಸೆಯಲ್ಲ. ಮೊಂಡಾದ ಉಳಿಯನ್ನು ಮಸೆಯದೆ ಹೊಸದನ್ನು ಕೊಳ್ಳುವುದು ಮಾತ್ರ ಸೋಮಾರಿತನಕ್ಕೆ ತೆತ್ತ ಬೆಲೆ. ಚನ್ನಪಟ್ಟಣದವರು ತಿರುಗುವ ಮರಕ್ಕೆ ಅರಗನ್ನೊತ್ತಿ, ಬರಿಯ ಕೇದಗೆಯ ಎಲೆಯಿಂದ ಹೊಳಪು ತರುತ್ತಾರೆ.

1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನದಲ್ಲಿ ಅಶೋಕ, ಗುರಿ ದೊಡ್ಡವರಿಗಷ್ಟೇ ಅಲ್ಲ, ಧರ್ಮದಲ್ಲಿ ತೊಡಗಿದ ಸಣ್ಣವನಿಗೂ ಎಟಕುತ್ತದೆ ಎಂದ. ಕಸಬಿಗೂ ಆ ಮಾತು ಸಲ್ಲುತ್ತದೆ. ಮೊದಲು ಸಾಣೆಕಲ್ಲು ಬರಲಿ. ಉಳಿದುದನ್ನು ಕೆಲಸವೇ ಕೇಳಲಿ.