ಕೋಡಂಗಿ ಬರುವ ಮೊದಲೇ ಹೋಗಿ

ಶಾಲೆಗಳಿಗೆ ಬೇಸಿಗೆ ರಜೆ ಸಿಗುವುದು ಏಪ್ರಿಲ್ ಎರಡನೇ ವಾರದ ಹೊತ್ತಿಗೆ. ಪತ್ತನಾಜೆ ಬರುವುದು ತುಳುವರ ಬೇಷ ತಿಂಗಳ ಹತ್ತಕ್ಕೆ, ಅಂದರೆ ಮೇ 24 ಅಥವಾ 25ಕ್ಕೆ. ಅಂದು ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿದರೆ ಮತ್ತೆ ಕಟ್ಟುವುದು ದೀಪಾವಳಿ ಕಳೆದ ಮೇಲೆಯೇ. ನಡುವಿನ ಆರು ವಾರ ಮಂಗಳೂರಿನ ನಮ್ಮ ಕಾವೂರಿನ ಮಕ್ಕಳಿಗೆ ಮನಸ್ಸು ತುಂಬ ಆಟ ನೋಡುವ ಕಾಲ. ಮರುದಿನ ಬೆಳಿಗ್ಗೆ ಬ್ಯಾಗು ಹೊರುವ ಚಿಂತೆಯಿಲ್ಲ. ಬೊಂದೇಲ್, ಕುಂಜತ್ತಬೈಲ್, ಕೂಳೂರು, ಯಾವ ಕಡೆ ಹೊರಟರೂ ಹರಕೆ ಆಟದ ಬ್ಯಾನರೊಂದು ಕಣ್ಣಿಗೆ ಬೀಳುತ್ತದೆ.

ಹರಕೆ ಆಟಕ್ಕೆ ಟಿಕೆಟ್ ಇಲ್ಲ. ಕಟೀಲು ಮೇಳದ ಆಟವಾದರೆ ಹರಕೆ ಹೊತ್ತ ಮನೆಯವರು ತಮ್ಮ ಸರದಿಗಾಗಿ ವರ್ಷಗಟ್ಟಲೆ ಕಾದಿರುತ್ತಾರೆ. ದಿನ ಸಿಕ್ಕಿದಾಗ ಬಂದವರಿಗೆಲ್ಲ ಊಟ ಹಾಕಿ ಆಟ ತೋರಿಸುತ್ತಾರೆ. ಗುರುತಿದ್ದವರು, ಇಲ್ಲದವರು ಎಂಬ ಭೇದವಿಲ್ಲ. ಇಷ್ಟು ದೊಡ್ಡ ಸಂಗೀತ ನಮ್ಮ ಊರಿನಲ್ಲಿ ಇಷ್ಟು ಸಲೀಸಾಗಿ ಸಿಗುತ್ತದೆಂಬುದು ನನಗೆ ಇಂದಿಗೂ ಸೋಜಿಗವೇ.

ಆದರೆ ಮಕ್ಕಳನ್ನು ಕರೆತರುವ ಹೆಚ್ಚಿನವರು ಗಡಿಯಾರ ನೋಡಿಕೊಂಡು ಬರುತ್ತಾರೆ. ಪ್ರಸಂಗ ದೇವಿಮಹಾತ್ಮೆಯಾದರೆ ಮಹಿಷಾಸುರ ಎಷ್ಟು ಹೊತ್ತಿಗೆ ಎಂದು ಫೋನಿನಲ್ಲಿ ವಿಚಾರಿಸಿ ಆ ಹೊತ್ತಿಗೆ ಕಾರು ನಿಲ್ಲಿಸುತ್ತಾರೆ. ಅವರ ಆಸೆಯೂ ಸಹಜವೇ. ನಾಲ್ಕಾರು ಚೆಂಡೆಗಳು ಒಟ್ಟಿಗೆ ಮೊಳಗುವಾಗ, ರಾಳದ ಪುಡಿ ಎರಚಿದ ದೊಂದಿ ಭುಗಿಲೆನ್ನುವಾಗ, ಬಣ್ಣದ ವೇಷ ಜನರ ನಡುವಿನಿಂದಲೇ ಆರ್ಭಟಿಸುತ್ತ ಬರುವಾಗ ಅಪ್ಪನ ಕುತ್ತಿಗೆ ಬಿಗಿಯಾಗಿ ತಬ್ಬಿಕೊಳ್ಳದ ಮಗುವಿಲ್ಲ. ಮಗು ಅದನ್ನು ನೋಡಲೇಬೇಕು. ಆದರೆ ಅದೊಂದನ್ನೇ ನೋಡಿ ಮನೆಗೆ ಹೋದ ಮಗು ಬೆಂಕಿ ನೋಡಿದೆ, ಹಾಡು ಕೇಳಿಲ್ಲ.

ಮಗುವಿಗೆ ಹಾಡು ಸಿಗುವುದು ಸಂಜೆ. ಜನ ಸೇರುವ ಮೊದಲೇ ಕೇಳಿ ಬಾರಿಸುತ್ತಾರೆ. ಆಟ ಇದೆಯೆಂದು ಊರಿಗೆ ಸಾರುವ ಚೆಂಡೆ ಅದು. ವೇಷ ಕಟ್ಟುವ ಚೌಕಿಯಲ್ಲಿ ದೇವರ ಪೂಜೆಯಾಗುತ್ತದೆ. ಬಳಿಕ ರಂಗಸ್ಥಳಕ್ಕೆ ಬರುವವರು ಮುಖ್ಯ ಭಾಗವತರಲ್ಲ, ಸಂಗೀತಗಾರ. ಮೇಳದ ಎಳೆಯ ಹಾಡುಗಾರನಿಗೆ ತೆಂಕುತಿಟ್ಟಿನಲ್ಲಿ ಆ ಹೆಸರು. ಪ್ರಸಂಗಕ್ಕೆ ಮೊದಲಿನ ಪೂರ್ವರಂಗವೆಲ್ಲ ಅವನ ಪಾಲು. ಕೋಡಂಗಿ, ಬಾಲಗೋಪಾಲರು, ಷಣ್ಮುಖ ಸುಬ್ರಾಯ, ಸ್ತ್ರೀವೇಷ ಒಂದೊಂದಾಗಿ ಬಂದು ಕುಣಿದು ಹೋಗುತ್ತವೆ. ಕಥೆಯಿಲ್ಲ, ಮಾತಿಲ್ಲ. ಹಾಡು, ಮದ್ದಳೆ, ಹೆಜ್ಜೆ ಇಷ್ಟೆ. ಕುಣಿಯುವವರೂ ಹೆಚ್ಚಾಗಿ ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರು. ನಾಳೆ ದೇವೇಂದ್ರನೋ ಅರ್ಜುನನೋ ಆಗಬೇಕಾದವರು ಇಲ್ಲಿ ಜನರೆದುರು ತಾಳಕ್ಕೆ ಕಾಲು ಕೂಡಿಸಲು ಕಲಿಯುತ್ತಿರುತ್ತಾರೆ.

ಈ ರಜೆಯಲ್ಲಿ ಮಗಳನ್ನು ಹಿಮ್ಮೇಳದ ಪಕ್ಕದಲ್ಲಿ ಚಾಪೆ ಹಾಸಿ ಕೂರಿಸಿಕೊಂಡಿದ್ದೆ. ಬಾಲಗೋಪಾಲನ ವೇಷದ ಹುಡುಗ ಒಂದು ಸುತ್ತಿನಲ್ಲಿ ತಡವರಿಸಿದ. ಮದ್ದಳೆಯವರು ತಲೆ ಎತ್ತಿ ಅವನನ್ನು ನೋಡಿ, ಮುಂದಿನ ಪೆಟ್ಟನ್ನು ಚೂರು ಒತ್ತಿ ನುಡಿಸಿದರು. ಹುಡುಗ ಮತ್ತೆ ತಾಳಕ್ಕೆ ಬಂದ. ನನ್ನ ಗಮನಕ್ಕೆ ಬರುವ ಮೊದಲೇ ಮಗಳು ತೊಡೆ ತಟ್ಟಿ ಹೇಳಿದಳು: “ಅಪ್ಪ, ಆ ಅಣ್ಣನಿಗೆ ತಪ್ಪಿತ್ತು. ಮದ್ದಳೆಯವರು ಸರಿ ಮಾಡಿ ಕೊಟ್ಟರು.” ಅವಳಿಗೆ ತಾಳದ ಹೆಸರು ಗೊತ್ತಿಲ್ಲ, ರಾಗ ಗೊತ್ತಿಲ್ಲ. ಆದರೂ ಒಬ್ಬರು ಇನ್ನೊಬ್ಬರಿಗೆ ಕಿವಿಗೊಟ್ಟು ನುಡಿಸುವುದನ್ನು ಅವಳ ಕಣ್ಣು ಹಿಡಿದಿತ್ತು. ಸಂಗೀತದ ಮೊದಲ ಪಾಠಕ್ಕೆ ಇದಕ್ಕಿಂತ ಹೆಚ್ಚೇನು ಬೇಕು?

ಈಗ ಕಾಲಮಿತಿಯ ಮಾತು, ಅಂದರೆ ಬೆಳಗಿನವರೆಗೆ ಆಡದೆ ರಾತ್ರಿಯೇ ಆಟ ಮುಗಿಸುವ ಕ್ರಮದ ಮಾತು. 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ತಡೆಯಿದೆ. ಧರ್ಮಸ್ಥಳ ಮೇಳ ಕೆಲವು ವರ್ಷಗಳ ಹಿಂದೆಯೇ ಕಾಲಮಿತಿಗೆ ಬಂತು, ಇತರ ಹಲವು ಮೇಳಗಳೂ ಆ ದಾರಿ ಹಿಡಿದವು. ಬೆಳಗಿನ ಜಾವ ಭೂಪಾಳದಂಥ ಉದಯರಾಗ ಕೇಳುತ್ತ ಎಚ್ಚರಗೊಳ್ಳುವ ಭಾಗ್ಯ ನನ್ನ ಮಗಳಿಗೆ ಅಪರೂಪವಾಯಿತೆಂಬ ನೋವು ನನಗಿದೆ. ಆದರೂ ಪಕ್ಕದ ಮನೆಯಲ್ಲಿ ಹಸುಗೂಸು, ಕಾಯಿಲೆಯ ಅಜ್ಜಿ ಇದ್ದಾರೆಂಬುದನ್ನು ಮರೆತು ವಾದಿಸಲಾರೆ. ಸಣ್ಣ ಮಕ್ಕಳು ಆಟವನ್ನು ಮೊದಲಿಂದ ಕೊನೆಯವರೆಗೆ ಎಚ್ಚರವಿದ್ದು ನೋಡುವಂತಾದದ್ದು ಕಾಲಮಿತಿಯಿಂದಲೇ.

ನನ್ನ ತಕರಾರು ಬೇರೆ. ಹೊತ್ತು ಸಾಲದಾದಾಗ ಮೊದಲು ಕತ್ತರಿ ಬೀಳುವುದು ಪೂರ್ವರಂಗಕ್ಕೆ. ಕಟೀಲು ಮೇಳಗಳು ಅದನ್ನು ಉಳಿಸಿಕೊಂಡಿವೆ. ಆದರೆ ಹಲವು ಸಂಘಗಳ ವೇದಿಕೆಗಳಲ್ಲಿ ಭಾಷಣ, ಸನ್ಮಾನ ಮುಗಿಸಿ ನೇರ ಪ್ರಸಂಗಕ್ಕೆ ಹೋಗುತ್ತಾರೆ. ಹಾಗಾದರೆ ಎಳೆಯ ಹಾಡುಗಾರ ಯಾರೆದುರು ಹಾಡಬೇಕು? ಕಲಿಯುವ ಹುಡುಗ ಎಲ್ಲಿ ಕುಣಿಯಬೇಕು? ತಾನೂ ಕಲಿಯಬಹುದೆಂಬ ಆಸೆ ನೋಡುವ ಮಗುವಿಗೆ ಎಲ್ಲಿಂದ ಹುಟ್ಟಬೇಕು? ಸನ್ಮಾನದ ಶಾಲು ಒಂದೆರಡು ಕಡಿಮೆಯಾದರೂ ಚಿಂತೆಯಿಲ್ಲ, ಬಾಲಗೋಪಾಲರು ಕುಣಿಯಲಿ.

ಇನ್ನೊಂದು ಮಾತು ಕಿವಿಯ ಬಗ್ಗೆ. ಮೈಕ್ ಬರುವ ಮೊದಲು ಭಾಗವತರು ಏರುಶ್ರುತಿಯಲ್ಲಿ ಹಾಡಿ ಇಡೀ ಬಯಲಿಗೆ ಕೇಳಿಸುತ್ತಿದ್ದರು. ಆ ಏರುಕಂಠದ ದಾರಿಯನ್ನು ನಮ್ಮ ಕಾಲದವರೆಗೂ ತಂದವರು ಬಲಿಪ ನಾರಾಯಣ ಭಾಗವತರು. ಐದು ದಿನ ಆಡುವಷ್ಟು ವಿಸ್ತಾರವಾಗಿ ದೇವಿಮಹಾತ್ಮೆಯನ್ನು ಬರೆದವರೂ ಅವರೇ. 2023ರ ಫೆಬ್ರವರಿಯಲ್ಲಿ ತೀರಿಕೊಂಡರು. ಈಗ ಚೆಂಡೆಗೂ ಮೈಕ್ ಇದೆ, ಆಳೆತ್ತರದ ಸ್ಪೀಕರುಗಳಿವೆ. ಜಾಗ ಖಾಲಿಯಿದೆಯೆಂದು ಅವುಗಳ ಬುಡದಲ್ಲೇ ಮಕ್ಕಳನ್ನು ಕೂರಿಸಿದವರನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಎಳೆಯ ಕಿವಿ ಆ ಪೆಟ್ಟನ್ನು ತಾಳುವುದಿಲ್ಲ. ಅಲ್ಲಿ ಕೂತವರಿಗೆ ಭಾಗವತರ ಜಾಗಟೆ ಎಲ್ಲಿ ಬೀಳುತ್ತದೆ, ಮದ್ದಳೆ ಎಲ್ಲಿ ತಿರುಗುತ್ತದೆ ಎಂಬುದೂ ತಿಳಿಯದು.

ಆಟ ಆಡಿಸುವ ಮನೆಯವರಲ್ಲಿ ನನ್ನದೊಂದು ಬೇಡಿಕೆಯಿದೆ. ಗಣ್ಯರ ಕುರ್ಚಿಗಳ ಮುಂದೆ, ಸ್ಪೀಕರಿನಿಂದ ದೂರ, ಹಿಮ್ಮೇಳದವರ ಕೈ ಕಾಣುವ ಕಡೆ ಮಕ್ಕಳಿಗೆಂದೇ ನಾಲ್ಕು ಚಾಪೆ ಹಾಸಿಡಿ. ನಿದ್ದೆ ಬಂದ ಮಗು ಅಲ್ಲೇ ಮಲಗಲಿ, ಚೆಂಡೆಯ ಸದ್ದಿಗೆ ಎದ್ದರೆ ನೋಡಲಿ. ನಡುವೆ ಚುರುಮುರಿಗೆಂದು ಎದ್ದು ಹೋದರೂ ಯಾರೂ ಗದರಿಸುವುದು ಬೇಡ.