ಹಾಸಿಗೆ ಯಾರದು, ಕಾಲು ಯಾರದು?

ಹತ್ತು ವರ್ಷಗಳ ಹಿಂದೆ ಕೊಂಡ ಮೇಜಿನ ಕಂಪ್ಯೂಟರು ಈಗ ತೀರ ನಿಧಾನವಾಗಿದೆ ಎಂಬ ದೂರು ನಮ್ಮ ಹಲವು ಮನೆಗಳಲ್ಲಿ ಕೇಳಿಬರುತ್ತದೆ. "ಅದಕ್ಕೆ ವಯಸ್ಸಾಯಿತು, ತೆಗೆದುಹಾಕಿ ಹೊಸದು ತನ್ನಿ" ಎನ್ನುತ್ತಾರೆ ಮಕ್ಕಳು. ಹಿರಿಯರಿಗೆ ಕೆಡದ ವಸ್ತುವನ್ನು ಎಸೆಯಲು ಮನಸ್ಸು ಬಾರದು. ಇದು ಬರಿಯ ಯಂತ್ರದ ಮಾತೆಂದು ಹಲವರು ತಿಳಿಯಬಹುದು. ಆದರೆ ಇದರೊಳಗೆ ನ್ಯಾಯ-ಅನ್ಯಾಯದ ಪ್ರಶ್ನೆಯೊಂದು ಅಡಗಿದೆ ಎಂದು ನನ್ನ ಭಾವನೆ.

ಮೊದಲು ಒಂದು ಸಂಗತಿ ಸ್ಪಷ್ಟವಾಗಲಿ. ನಮಗೆ ವಯಸ್ಸಾಗುವಂತೆ ಕಂಪ್ಯೂಟರಿಗೆ ವಯಸ್ಸಾಗುವುದಿಲ್ಲ. ಧೂಳು ಕೂತು ಬಿಸಿಯೇರಬಹುದು, ಡಿಸ್ಕು ಸವೆಯಬಹುದು. ಆದರೆ ಲೆಕ್ಕ ಮಾಡುವ ಚಿಪ್ಪು ಕೊಂಡ ದಿನ ಎಷ್ಟು ಚುರುಕಾಗಿತ್ತೋ ಇಂದೂ ಹೆಚ್ಚುಕಡಿಮೆ ಅಷ್ಟೇ ಚುರುಕಾಗಿರುತ್ತದೆ. ಬದಲಾದದ್ದು ಅದರ ಮೇಲೆ ಹೇರಿದ ಭಾರ.

ಮುಂಬಯಿಯ ಚಾಳಿನ ಒಂದೇ ಖೋಲಿಯಲ್ಲಿ ಆರೇಳು ಮಂದಿ ಬಾಳಿದ ಕಾಲವನ್ನು ನಮ್ಮಲ್ಲಿ ಅನೇಕರು ಬಲ್ಲರು. ಹಗಲು ಅಲ್ಲೇ ಅಡುಗೆ-ಊಟ, ರಾತ್ರಿ ಅಲ್ಲೇ ಹಾಸಿಗೆ, ಸದ್ಯಕ್ಕೆ ಬೇಡದ ಪೆಟ್ಟಿಗೆ ಅಟ್ಟದ ಮೇಲೆ. ಕಂಪ್ಯೂಟರಿನ ರ್ಯಾಮ್ ಎಂಬ ಮೆಮೊರಿ ಆ ಖೋಲಿಯ ನೆಲವಿದ್ದಂತೆ, ಡಿಸ್ಕು ಅಟ್ಟವಿದ್ದಂತೆ. ನೆಲ ತುಂಬಿದಾಗ ಯಂತ್ರ ಒಂದು ಗಂಟನ್ನು ಅಟ್ಟಕ್ಕೇರಿಸಿ ಇನ್ನೊಂದನ್ನು ಇಳಿಸುತ್ತದೆ. ತಿರುಗುವ ಹಳೆಯ ಡಿಸ್ಕಿನಿಂದ ಒಂದು ಚೂರನ್ನು ಹುಡುಕಿ ತರಲು, ನೆಲದ ಮೇಲಿರುವುದನ್ನು ಎತ್ತಿಕೊಳ್ಳುವುದಕ್ಕಿಂತ ಸುಮಾರು ಲಕ್ಷ ಪಟ್ಟು ಹೆಚ್ಚು ಹೊತ್ತು ಬೇಕು. ನಾವು ಪರದೆಯ ಮುಂದೆ ಕಾಯುತ್ತ ಕೂತಿರುವಾಗ ಪಾಪ, ಯಂತ್ರ ಸೋಮಾರಿಯಾಗಿ ಕೂತಿರುವುದಿಲ್ಲ. ಏಣಿ ಹತ್ತಿ ಇಳಿದು ದಣಿಯುತ್ತಿರುತ್ತದೆ.

ಈ ನೆಲವೇನು ಕಿರಿದೇ? 1995ರಲ್ಲಿ ಬಂದ ವಿಂಡೋಸ್ 95ಕ್ಕೆ ಕನಿಷ್ಠ 4 ಮೆಗಾಬೈಟ್ ಮೆಮೊರಿ ಸಾಕಾಗಿತ್ತು. 2021ರ ವಿಂಡೋಸ್ 11 ಕೇಳುವುದು ಕನಿಷ್ಠ 4 ಗಿಗಾಬೈಟ್, ಅಂದರೆ ಸಾವಿರ ಪಟ್ಟು. ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟು ಬೇಕು. ಪುಟಕ್ಕೆ 2000 ಸಂಕೇತಗಳಂತೆ ಲೆಕ್ಕ ಹಾಕಿದರೆ, ಸಾವಿರ ಪುಟದ ಸುಮಾರು 700 ಗ್ರಂಥಗಳ ಅಕ್ಷರಗಳೆಲ್ಲ 4 ಗಿಗಾಬೈಟಿನಲ್ಲಿ ಅಡಗುತ್ತವೆ. ಅಷ್ಟನ್ನು ಹೊರಬಲ್ಲ ಯಂತ್ರ, ಬ್ರೌಸರಿನಲ್ಲಿ ಹತ್ತು ಪುಟ ತೆರೆದರೆ ಏದುಸಿರು ಬಿಡುತ್ತದೆ!

ಪ್ಯಾಸ್ಕಲ್ ಎಂಬ ಗಣಕಭಾಷೆಯನ್ನು ರೂಪಿಸಿದ ಸ್ವಿಟ್ಜರ್ಲೆಂಡಿನ ನಿಕ್ಲೌಸ್ ವಿರ್ಥ್ 1995ರಲ್ಲೇ ಈ ಕುರಿತು ಎಚ್ಚರಿಸಿದ್ದರು. ಯಂತ್ರಗಳು ವೇಗ ಪಡೆಯುವುದಕ್ಕಿಂತ ಬೇಗ ತಂತ್ರಾಂಶಗಳು ನಿಧಾನವಾಗುತ್ತಿವೆ ಎಂಬುದು ಅವರ ಲೇಖನದ ಸಾರ. ಬೇಗ ಮುಗಿಸಿ ಮಾರುಕಟ್ಟೆಗೆ ಬಿಡಬೇಕೆಂಬ ಆತುರವೂ ಅವರು ಕೊಟ್ಟ ಕಾರಣಗಳಲ್ಲೊಂದು.

ಹಾಗೆಂದು ಹೊಸದೆಲ್ಲ ದುಂದು ಎನ್ನುವುದು ನ್ಯಾಯವಲ್ಲ. ವಿಂಡೋಸ್ 95ರಲ್ಲಿ ಕನ್ನಡಕ್ಕೆ ಸ್ವಂತ ಸ್ಥಾನವಿರಲಿಲ್ಲ. 2001ರ ಎಕ್ಸ್‌ಪಿಯೊಡನೆ 'ತುಂಗಾ' ಎಂಬ ಕನ್ನಡ ಅಕ್ಷರವಿನ್ಯಾಸ ಬಂತು. 2018ರಲ್ಲಿ ಕ್ರೋಮ್ ಬ್ರೌಸರು ಒಂದು ತಾಣದ ಕಳ್ಳ ಇನ್ನೊಂದು ತಾಣದ ಗುಟ್ಟನ್ನು ಕದಿಯದಂತೆ ಪ್ರತಿ ತಾಣಕ್ಕೂ ಬೇರೆ ಗೋಡೆ ಕಟ್ಟಿತು. ಅದಕ್ಕೆ ಶೇಕಡಾ ಹತ್ತಕ್ಕೂ ಮಿಕ್ಕಿ ಹೆಚ್ಚು ಮೆಮೊರಿ ತಗಲಿತು. ನಮ್ಮ ಭಾಷೆಗಾಗಿ, ಬ್ಯಾಂಕಿನ ಹಣದ ರಕ್ಷಣೆಗಾಗಿ ತೆತ್ತ ಬೆಲೆ ವ್ಯರ್ಥವಲ್ಲ. ಆದ್ದರಿಂದ ನಾವು ಕೇಳಬೇಕಾದದ್ದು, ಈ ಭಾರದಲ್ಲಿ ಅಗತ್ಯವೆಷ್ಟು, ಅಲಕ್ಷ್ಯವೆಷ್ಟು ಎಂದು.

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆಯನ್ನು ಸಾಮಾನ್ಯವಾಗಿ ಬಡವನಿಗೆ ಹೇಳುತ್ತೇವೆ. ಇಲ್ಲಿ ಹಾಸಿಗೆ ಕಂಪ್ಯೂಟರಿನ ಒಡೆಯನದು; ಕಾಲು ಚಾಚುತ್ತಿರುವುದು ತಂತ್ರಾಂಶ. ಅದು ಪರರ ಮನೆಗೆ ಬಂದ ಅತಿಥಿ. ಊರಿಂದ ಬಂದವನು ಖೋಲಿಯ ಮೂಲೆಯಲ್ಲಿ ಚಾಪೆ ಹಾಸಿ, ಬೆಳಗಾಗುತ್ತಲೇ ಸುತ್ತಿಡುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಆದರೆ ಈ ಅತಿಥಿ ನಡುಮನೆಯಲ್ಲಿ ಅಡ್ಡಡ್ಡ ಮಲಗಿ, "ನಿಮ್ಮ ಮನೆ ಚಿಕ್ಕದಾಯಿತು" ಎನ್ನುತ್ತಾನೆ!

ತಂತ್ರಾಂಶ ಬರೆಯುವವನು ಒಂದು ವಾರದ ಶ್ರಮ ಉಳಿಸಿಕೊಂಡರೆ, ಅದರ ಬೆಲೆಯನ್ನು ಲಕ್ಷಾಂತರ ಮಂದಿ ದಿನಕ್ಕಿಷ್ಟು ನಿಮಿಷದಂತೆ ತೆರುತ್ತಾರೆ. ಪ್ರತಿಯೊಬ್ಬರ ಪಾಲು ಅಲ್ಪವಾದ್ದರಿಂದ ಯಾರೂ ಅದನ್ನು ಅನ್ಯಾಯವೆನ್ನುವುದಿಲ್ಲ. ಅದರಲ್ಲೂ ಹೆಚ್ಚು ತೆರುವವನು ಹೊಸ ಯಂತ್ರ ಕೊಳ್ಳಲಾರದವನು. ನಿವೃತ್ತರೊಬ್ಬರು ಪಿಂಚಣಿಯ ವಿವರ ನೋಡಲು ಕೂರುತ್ತಾರೆ, ಪುಟ ತೆರೆಯುವುದಿಲ್ಲ. ಅವರು ತಂತ್ರಾಂಶವನ್ನು ದೂರುವುದಿಲ್ಲ. "ನನಗಿದೆಲ್ಲ ತಿಳಿಯದು, ನನ್ನ ಕಾಲ ಮುಗಿಯಿತು" ಎಂದು ಎದ್ದುಬಿಡುತ್ತಾರೆ. ಪರರ ಅಲಕ್ಷ್ಯವನ್ನು ತನ್ನ ಅಯೋಗ್ಯತೆಯೆಂದು ಒಬ್ಬ ಮನುಷ್ಯ ಭಾವಿಸುವಂತಾಗುವುದು, ನನ್ನ ದೃಷ್ಟಿಯಲ್ಲಿ, ಹೋದ ಹೊತ್ತಿಗಿಂತ ದೊಡ್ಡ ನಷ್ಟ.

ಈ ಮಾತನ್ನು ಹೊರಗಿನವರಿಗೆ ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ತಂತ್ರಾಂಶ ಬರೆಯುವವರಲ್ಲಿ ನಮ್ಮ ಮಕ್ಕಳೂ ಇದ್ದಾರೆ. ಅವರ ಮೇಜಿನ ಮೇಲಿರುವುದು ಕಚೇರಿ ಕೊಟ್ಟ ಬಲಶಾಲಿ ಯಂತ್ರ. ಅದರಲ್ಲಿ ಯಾವ ಭಾರವೂ ಭಾರವೆನಿಸದು. ತಾವು ಬರೆದದ್ದನ್ನು ತಿಂಗಳಿಗೊಮ್ಮೆ ಅಪ್ಪನ ಹಳೆಯ ಕಂಪ್ಯೂಟರಿನಲ್ಲಿ ನಡೆಸಿ ನೋಡಿದರೆ, ಅದೇ ಅವರಿಗೆ ನೀತಿಪಾಠ.

ಒಡೆಯನಿಗೂ ಕರ್ತವ್ಯಗಳಿವೆ. ಹಳೆಯದನ್ನು ಹಿಡಿದುಕೊಂಡಿರುವುದೇ ಪುಣ್ಯವಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ರಕ್ಷಣೆಯ ತಿದ್ದುಪಡಿಗಳಿಲ್ಲದ ಯಂತ್ರವನ್ನು ಅಂತರ್ಜಾಲಕ್ಕೆ ಜೋಡಿಸುವುದು ಬೀದಿಬಾಗಿಲು ತೆರೆದಿಟ್ಟು ಮಲಗಿದಂತೆ. ನುಗ್ಗಿದ ಕಳ್ಳ ಅಲ್ಲಿಂದಲೇ ನೆರೆಮನೆಗೂ ಕನ್ನ ಹಾಕಬಲ್ಲ. ಇದಕ್ಕೆ ದಾರಿಗಳಿವೆ. ಸ್ಥಳವಿದ್ದರೆ ಇನ್ನೊಂದು ಮೆಮೊರಿ ಪಟ್ಟಿ ಸೇರಿಸಬಹುದು. ತಿರುಗುವ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿದರೆ ಅಟ್ಟದ ಏಣಿ ಬಹಳ ಗಿಡ್ಡವಾಗುತ್ತದೆ. ಡೆಬಿಯನ್‌ನಂಥ ಉಚಿತ ಲಿನಕ್ಸನ್ನು ಹಗುರವಾದ ರೂಪದಲ್ಲಿ ಸ್ಥಾಪಿಸಬಹುದು. ಬ್ರೌಸರು ಅಲ್ಲಿಯೂ ಭಾರವೇ. ಒಮ್ಮೆಗೆ ಎರಡು-ಮೂರು ಪುಟ ಮಾತ್ರ ತೆರೆಯುವ ಸಂಯಮವನ್ನು ನಾವೇ ಕಲಿಯಬೇಕು.

ಎಸೆದದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನೆನೆಯೋಣ. ವಿಶ್ವಸಂಸ್ಥೆಯ ಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಉಂಟಾಯಿತು. ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದಕ್ಕೆ ದಾಖಲೆ ಇದ್ದದ್ದು ಶೇಕಡಾ 22.3ಕ್ಕೆ ಮಾತ್ರ. ದೆಹಲಿಯವರು ಸೀಲಂಪುರದ ಹೆಸರು ಕೇಳಿರುತ್ತಾರೆ. ತಾಮ್ರದ ಎಳೆಗಾಗಿ ಹಳೆಯ ಯಂತ್ರಗಳನ್ನು ಬಿಚ್ಚಿ ಬದುಕುವವರ ಬಡಾವಣೆ ಅದು. ನಮ್ಮ ಹೊಸತನದ ಹೊಗೆ ಅವರ ಎದೆಗೆ ಹೋಗುತ್ತದೆ.

ಆದ್ದರಿಂದ "ಇದು ಹಳೆಯದಾಯಿತು" ಎನ್ನುವ ಮುನ್ನ ಎರಡು ಪ್ರಶ್ನೆ ಕೇಳೋಣ: ಇದಕ್ಕೆ ಕೆಲಸ ಮಾಡುವ ಶಕ್ತಿ ಹೋಯಿತೇ? ಅಥವಾ ಇದರ ಶಕ್ತಿಗೆ ತಕ್ಕ ಕೆಲಸ ಕೊಡುವ ವಿವೇಕ ನಮ್ಮಿಂದ ಹೋಯಿತೇ? ಮೊದಲನೆಯದಾದರೆ ಯಂತ್ರವನ್ನು ಯೋಗ್ಯ ಸಂಗ್ರಹಕಾರರಿಗೆ ಒಪ್ಪಿಸಿ ಹೊಸದನ್ನು ಸಂತೋಷದಿಂದ ತರೋಣ. ಎರಡನೆಯದಾದರೆ ಕಾಲು ಮಡಿಸಬೇಕಾದವನು ಯಾರೆಂಬುದನ್ನು ಹೇಳುವ ಧೈರ್ಯ ನಮಗಿರಲಿ.